ಮಗುವಿನ ಮೊದಲ ಗೇಮ್: ಕೊಡುವುದೇ ಆದರೆ ಹೀಗೆ ಕೊಡಿ

ಮಾನ್ಯ ಸಂಪಾದಕರೇ,

ಪುಟ್ಟ ಮಕ್ಕಳಿಗೆ ವಿಡಿಯೊ ಗೇಮ್ ಕೊಡಬೇಕೋ ಬೇಡವೋ ಎಂಬ ವಾದ ಆಗಾಗ ಎದ್ದು ತಣ್ಣಗಾಗುತ್ತದೆ. ಬೇಡ ಎನ್ನುವವರು ಚಟದ ಮಾತೆತ್ತುತ್ತಾರೆ, ಇರಲಿ ಎನ್ನುವವರು ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ. ಕೊಡುವುದೆಂದು ತೀರ್ಮಾನಿಸಿದ ಮನೆಯವರಿಗೆ ಬೇಕಾದ ಮಾತನ್ನು ಮಾತ್ರ ಇಬ್ಬರೂ ಆಡುವುದಿಲ್ಲ. ಯಾವ ಸಾಧನ, ಯಾವ ಗೇಮ್, ಯಾವ ಸೆಟ್ಟಿಂಗ್, ಎಷ್ಟು ಹೊತ್ತು, ನಿಲ್ಲಿಸುವುದು ಹೇಗೆ? ಈ ಪತ್ರ ಅಷ್ಟಕ್ಕೇ ಸೀಮಿತ. ಮೊದಲ ಕೆಲವು ತಿಂಗಳು ಗೇಮ್ ಎಂದರೆ ಮಗು ಮತ್ತು ದೊಡ್ಡವರೊಬ್ಬರು ಪಕ್ಕಪಕ್ಕ ಕೂತು ಆಡುವಂಥದ್ದು ಎಂದಿರಬೇಕು. ಮಗುವನ್ನು ಸುಮ್ಮನಿರಿಸಲು ಕೈಗಿಟ್ಟ ಗೇಮ್ ಮುಂದೆ ಮಗುವನ್ನು ಸುಮ್ಮನಿರಲು ಬಿಡುವುದಿಲ್ಲ.

ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ವರ್ಷ ತುಂಬದ ಕೂಸಿಗೆ ಪರದೆಯೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಒಂದು ಗಂಟೆಯಲ್ಲಿ ಟಿ.ವಿ., ಫೋನು ಎಲ್ಲವೂ ಸೇರಿತು. ಇದು ಆರೋಗ್ಯದ ಲೆಕ್ಕ. ಕೈಯ ಲೆಕ್ಕ ಬೇರೆಯೇ ಇದೆ. ಮೂರು ವರ್ಷದ ಮಗು ಒಂದು ಬೆರಳಿನಿಂದ ಮುಟ್ಟಬಲ್ಲದು, ಎಳೆಯಬಲ್ಲದು. ನಾಲ್ಕೈದರ ಹೊತ್ತಿಗೆ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಸ್ಟಿಕ್ (ಹೆಬ್ಬೆರಳಿನಿಂದ ವಾಲಿಸುವ ಪುಟ್ಟ ಕಡ್ಡಿ) ಎಡ ಹೆಬ್ಬೆರಳಿನಿಂದ ತಿರುಗಿಸುತ್ತ ಬಲಗೈಯಿಂದ ಒಂದು ಬಟನ್ ಒತ್ತುವುದು ಬರತೊಡಗುತ್ತದೆ. ಎರಡು ಸ್ಟಿಕ್ ಒಟ್ಟಿಗೆ ನಡೆಸುವುದು ಏಳೆಂಟು ವರ್ಷಕ್ಕೆ ಮೊದಲು ಬಹುತೇಕ ಮಕ್ಕಳಿಗೆ ಸಾಧ್ಯವಾಗುವುದಿಲ್ಲ. ಮಕ್ಕಳಲ್ಲಿ ಒಂದೆರಡು ವರ್ಷದ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೂ ಐದಕ್ಕೆ ಮೊದಲು ಅವಸರ ಮಾಡಿ ಗಳಿಸುವುದೇನೂ ಇಲ್ಲ. ಬೇಗ ಶುರುಮಾಡಿದವರು ಮುಂದೆ ಜಾಣ ಆಟಗಾರರಾಗುತ್ತಾರೆ ಎಂಬ ಮಾತನ್ನು ನಂಬಬೇಡಿ.

ಹೆಚ್ಚಿನ ಮನೆಗಳಲ್ಲಿ ಮೊದಲ ಗೇಮ್ ಬರುವುದು ಫೋನಿನಲ್ಲಿ. ಶುರುಮಾಡಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪರದೆ ಸಣ್ಣದು, ಅದರಲ್ಲೂ ಅರ್ಧ ಮಗುವಿನ ಅಂಗೈಯಡಿ ಮುಚ್ಚಿಹೋಗುತ್ತದೆ. ಫೋನನ್ನು ಮಗು ಮುಖದ ಹತ್ತಿರ ಹಿಡಿಯುತ್ತದೆ, ಕತ್ತು ಬಗ್ಗಿಸುತ್ತದೆ. ಪಕ್ಕದಲ್ಲಿ ಕೂತವರಿಗೆ ಅದು ಏನು ನೋಡುತ್ತಿದೆ ಎಂದು ಕಾಣುವುದೂ ಇಲ್ಲ. ಉಚಿತ ಗೇಮ್‌ಗಳ ವ್ಯಾಪಾರವಂತೂ ಜಾಹೀರಾತು ಮತ್ತು ಒಳಗಿನ ಮಾರಾಟದ ಮೇಲೇ ನಿಂತಿದೆ. ಜಾಹೀರಾತು ಮುಚ್ಚುವ ಗುಣಿಸು ಗುರುತನ್ನು ಮೂಲೆಯಲ್ಲಿ ಸಣ್ಣದಾಗಿ, ಅದೂ ಕೆಲವು ಸೆಕೆಂಡು ತಡವಾಗಿ ತೋರಿಸುತ್ತಾರೆ. ಮಗುವಿನ ಬೆರಳು ಗುರಿ ತಪ್ಪಿ ಜಾಹೀರಾತನ್ನೇ ಒತ್ತಿ ಅಂಗಡಿಯ ಪುಟಕ್ಕೆ ಹೋಗುತ್ತದೆ. ಆ ತಪ್ಪು ಮಗುವಿನದಲ್ಲ, ಗುರುತನ್ನು ಅಷ್ಟು ಸಣ್ಣದು ಮಾಡಿದವರದು.

ಇದು ಅತಿಶಯದ ಮಾತಲ್ಲ ಎನ್ನಲು ದಾಖಲೆಯಿದೆ. ಮಕ್ಕಳು ತಿಳಿಯದೆ ಮಾಡಿದ ಖರೀದಿಗಾಗಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಆ್ಯಪಲ್ ಕಂಪನಿಯಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್‌ನಿಂದ ಕನಿಷ್ಠ 1.9 ಕೋಟಿ ಡಾಲರ್ ಗ್ರಾಹಕರಿಗೆ ವಾಪಸು ಕೊಡಿಸಲು ಒಪ್ಪಂದ ಮಾಡಿಕೊಂಡಿತು. ಆ್ಯಪಲ್ ಪ್ರಕರಣದಲ್ಲಿ ಎತ್ತಿದ ಆಕ್ಷೇಪ ಹೀಗಿತ್ತು: ದೊಡ್ಡವರು ಒಂದು ಸಲ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮಗು ಎಷ್ಟು ಸಲ ಬೇಕಾದರೂ ಕೊಳ್ಳಬಹುದಿತ್ತು, ಇದನ್ನು ದೊಡ್ಡವರಿಗೆ ಹೇಳಿರಲಿಲ್ಲ. 2022ರಲ್ಲಿ ಫೋರ್ಟ್‌ನೈಟ್ ಗೇಮ್ ತಯಾರಿಸುವ ಎಪಿಕ್ ಗೇಮ್ಸ್ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ, ಗೊಂದಲ ಹುಟ್ಟಿಸುವ ಬಟನ್‌ಗಳಿಂದ ಆದ ಬೇಡದ ಖರೀದಿಗಳ ಮರುಪಾವತಿಗೆ. ಉಳಿದದ್ದು ಮಕ್ಕಳ ಖಾಸಗಿ ಮಾಹಿತಿಯ ನಿಯಮ ಮುರಿದದ್ದಕ್ಕೆ.

ಫೋನ್ ಬಿಟ್ಟು ಬೇರೆ ದಾರಿಯಿಲ್ಲದವರು ಕನಿಷ್ಠ ಇಷ್ಟು ಮಾಡಲಿ. ಒಮ್ಮೆ ಹಣ ಕೊಟ್ಟು ಕೊಂಡು, ಜಾಹೀರಾತಿಲ್ಲದೆ, ಇಂಟರ್ನೆಟ್ ಇಲ್ಲದೆಯೂ ನಡೆಯುವ ಗೇಮ್ ಆರಿಸಿ. ಕೊಡುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ಐಫೋನ್, ಐಪ್ಯಾಡ್‌ಗಳಲ್ಲಿ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ ಒಳಗೆ ಗೈಡೆಡ್ ಆ್ಯಕ್ಸೆಸ್ ಎಂಬುದಿದೆ. ಅದನ್ನು ಚಾಲೂ ಮಾಡಿ, ಗೇಮ್ ತೆರೆದು, ಪಕ್ಕದ ಬಟನ್ನನ್ನು (ಹೋಮ್ ಬಟನ್ ಇಲ್ಲದ ಐಪ್ಯಾಡ್‌ಗಳಲ್ಲಿ ಮೇಲಿನ ಬಟನ್ನನ್ನು, ಹಳೆಯ ಮಾದರಿಗಳಲ್ಲಿ ಹೋಮ್ ಬಟನ್ನನ್ನು) ಮೂರು ಸಲ ಒತ್ತಿದರೆ ಪಾಸ್‌ಕೋಡ್ ಇಲ್ಲದೆ ಮಗು ಆ ಗೇಮ್‌ನಿಂದ ಹೊರಬರಲಾಗದು. ಪರದೆಯ ಯಾವ ಭಾಗ ಸ್ಪರ್ಶಕ್ಕೆ ಸ್ಪಂದಿಸಬಾರದು ಎಂಬುದನ್ನೂ ಅಲ್ಲೇ ಬೆರಳಿನಿಂದ ಗೆರೆ ಸುತ್ತಿ ಗುರುತಿಸಬಹುದು. ಆಂಡ್ರಾಯ್ಡ್‌ನಲ್ಲಿ ಇದೇ ಕೆಲಸಕ್ಕೆ ಆ್ಯಪ್ ಪಿನ್ನಿಂಗ್ ಇದೆ, ಸೆಕ್ಯುರಿಟಿ ಸೆಟ್ಟಿಂಗ್ ಒಳಗೆ ಸಿಗುತ್ತದೆ. ಅದರ ಜೊತೆಗಿರುವ 'ಅನ್‌ಪಿನ್ ಮಾಡುವ ಮೊದಲು ಪಿನ್ ಕೇಳು' ಎಂಬುದನ್ನೂ ಆನ್ ಮಾಡಬೇಕು. ಅದನ್ನು ಮರೆತರೆ ಐದು ವರ್ಷದ ಮಗು ಒಂದೇ ದಿನದಲ್ಲಿ ಹೊರದಾರಿ ಕಂಡುಹಿಡಿಯುತ್ತದೆ. ಇನ್ನು ಆ್ಯಪ್ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದು ಎಲ್ಲಕ್ಕಿಂತ ಮೊದಲ ಕೆಲಸ. ಪಿನ್ ಹಾಕುವಾಗ ಮಗುವಿನ ಕಣ್ಣು ನಿಮ್ಮ ಬೆರಳ ಮೇಲಿರುತ್ತದೆ ಎಂಬುದನ್ನೂ ನೆನಪಿಡಿ.

ಟಿ.ವಿ.ಗೆ ಜೋಡಿಸುವ ಕನ್ಸೋಲ್ (ನಿಂಟೆಂಡೊ ಸ್ವಿಚ್, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರ) ಇದ್ದರೆ ಅರ್ಧ ತಲೆನೋವು ಕಡಿಮೆ. ಪರದೆ ದೂರದಲ್ಲಿರುತ್ತದೆ, ಇಡೀ ಮನೆಗೆ ಕಾಣುತ್ತದೆ, ಇಬ್ಬರು ಒಟ್ಟಿಗೆ ಆಡಬಹುದು. ಆದರೆ ಟಿ.ವಿ.ಯಲ್ಲೇ ಒಂದು ಕಾಣದ ತೊಡಕಿದೆ. ಈಗಿನ ಟಿ.ವಿ.ಗಳು ಚಿತ್ರವನ್ನು ನುಣುಪು ಮಾಡಲು, ಬಣ್ಣ ತಿದ್ದಲು ಒಳಗೇ ಒಂದಿಷ್ಟು ಲೆಕ್ಕ ಹಾಕಿ ಆಮೇಲೆ ತೋರಿಸುತ್ತವೆ. ಸಿನಿಮಾ ನೋಡುವಾಗ ಈ ತಡ ಗೊತ್ತಾಗದು. ಗೇಮ್‌ನಲ್ಲಿ ಬಟನ್ ಒತ್ತಿದ್ದಕ್ಕೂ ಪರದೆಯ ಬೊಂಬೆ ಹಾರಿದ್ದಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅಂತರ ಬಿದ್ದರೂ ಸಾಕು, ಮಗು ಸರಿಯಾದ ಹೊತ್ತಿಗೇ ಒತ್ತಿದ್ದರೂ ಬೊಂಬೆ ಹಳ್ಳಕ್ಕೆ ಬೀಳುತ್ತದೆ. ದೊಡ್ಡವರು ತಮಗರಿವಿಲ್ಲದೆಯೇ ಸ್ವಲ್ಪ ಮೊದಲೇ ಒತ್ತಿ ಹೊಂದಿಕೊಳ್ಳುತ್ತಾರೆ. ಮಗುವಿಗೆ ಅದು ಬರುವುದಿಲ್ಲ, 'ನನಗೆ ಬರಲ್ಲ' ಎಂದು ಕಂಟ್ರೋಲರ್ ಕೆಳಗಿಡುತ್ತದೆ. ಪರಿಹಾರ ಸುಲಭ: ಟಿ.ವಿ.ಯ ಪಿಕ್ಚರ್ ಸೆಟ್ಟಿಂಗ್ಸ್ ತೆರೆದು, ಕನ್ಸೋಲ್ ಜೋಡಿಸಿದ ಎಚ್‌ಡಿಎಂಐ ಇನ್‌ಪುಟ್‌ಗೆ ಗೇಮ್ ಮೋಡ್ ಹಾಕಿ. ಕೆಲವು ಹೊಸ ಟಿ.ವಿ.ಗಳು ಕನ್ಸೋಲ್ ಗುರುತಿಸಿ ತಾವೇ ಬದಲಾಗುತ್ತವೆ. ಆದರೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಕಂಟ್ರೋಲರ್ ವಿಷಯಕ್ಕೆ ಬರೋಣ. ಮಾಮೂಲಿ ಕಂಟ್ರೋಲರ್‌ನಲ್ಲಿ ಎರಡು ಸ್ಟಿಕ್, ಬಾಣದ ಬಟನ್‌ಗಳು, ಬಲಕ್ಕೆ ನಾಲ್ಕು, ಮೇಲ್ಗಡೆ ನಾಲ್ಕು, ನಡುವೆ ಇನ್ನೊಂದಿಷ್ಟು ಇರುತ್ತವೆ. ಮೊದಲ ದಿನವೇ 'ಇದು ಹಾರಲು, ಇದು ಓಡಲು, ಇದು ಹೊಡೆಯಲು' ಎಂದು ಪಾಠ ಒಪ್ಪಿಸಬೇಡಿ. ಒಂದು ಸ್ಟಿಕ್, ಒಂದು ಬಟನ್ ಸಾಕು. ಆ ಬಟನ್ ಮೇಲೆ ಬಣ್ಣದ ಸಣ್ಣ ಸ್ಟಿಕ್ಕರ್ ಅಂಟಿಸಿದರೆ ಮಗು ಕೆಳಗೆ ನೋಡಿ ಹುಡುಕುವುದು ಬೇಗ ಮುಗಿಯುತ್ತದೆ. ಅಕ್ಷರದ ಹೆಸರಿನಿಂದ ಬಟನ್ ಹೇಳುವುದು ಅಕ್ಷರ ಕಲಿಯದ ಮಗುವಿಗೆ ಉಪಯೋಗಕ್ಕಿಲ್ಲ. ಅಲ್ಲದೆ ನಿಂಟೆಂಡೊದ ಎ ಬಟನ್ ಇರುವ ಜಾಗದಲ್ಲಿ ಎಕ್ಸ್‌ಬಾಕ್ಸ್‌ನಲ್ಲಿ ಬಿ ಇದೆ.

ಬಲಗಡೆಯ ಸ್ಟಿಕ್ಕೇ ನಿಜವಾದ ಕಂಟಕ. ಮೂರು ಆಯಾಮದ ಗೇಮ್‌ಗಳಲ್ಲಿ ಎಡ ಸ್ಟಿಕ್ ಬೊಂಬೆಯನ್ನು ನಡೆಸಿದರೆ ಬಲ ಸ್ಟಿಕ್ ಕ್ಯಾಮೆರಾ ತಿರುಗಿಸುತ್ತದೆ. ಮಗುವಿನ ಬಲ ಹೆಬ್ಬೆರಳು ಗೊತ್ತಿಲ್ಲದೆ ಅದರ ಮೇಲೆ ಒರಗುತ್ತದೆ. ಕ್ಯಾಮೆರಾ ಮೆಲ್ಲಗೆ ಕೆಳಗೆ ಹೊರಳಿ, ಪರದೆ ತುಂಬ ಬರೀ ನೆಲ ಅಥವಾ ಬರೀ ಆಕಾಶ ಕಾಣುತ್ತದೆ. ಏನಾಯಿತೆಂದು ತಿಳಿಯದೆ ಮಗು ಎಡ ಸ್ಟಿಕ್ಕನ್ನು ಇನ್ನೂ ಜೋರಾಗಿ ನೂಕುತ್ತದೆ, ಬೊಂಬೆ ಗೋಡೆಗೆ ಮುಖ ಹಚ್ಚಿ ಓಡುತ್ತಲೇ ಇರುತ್ತದೆ. ದಡ್ಡತನ ಎಂದು ದೊಡ್ಡವರು ಬಗೆಯುವುದು ಇದನ್ನೇ. ಆದ್ದರಿಂದ ಮೊದಲ ಗೇಮ್ ಪಕ್ಕದಿಂದ ಕಾಣುವ ಎರಡು ಆಯಾಮದ್ದಿರಲಿ, ಇಲ್ಲವೇ ಕ್ಯಾಮೆರಾವನ್ನು ತಾನೇ ನೋಡಿಕೊಳ್ಳುವಂಥದ್ದಿರಲಿ. ಮುಂದೆ ಮೂರು ಆಯಾಮಕ್ಕೆ ಹೋದಾಗ ಕ್ಯಾಮೆರಾದ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ಅತಿ ಕಡಿಮೆಗೆ ಇಳಿಸಿ. ಎಕ್ಸ್‌ಬಾಕ್ಸ್‌ನಲ್ಲಿ 2017ರಲ್ಲಿ ಕೋಪೈಲಟ್ ಎಂಬ ಹೆಸರಿನಿಂದ ಬಂದ ಸೌಲಭ್ಯವಿದೆ. ಎರಡು ಕಂಟ್ರೋಲರ್‌ಗಳನ್ನು ಕನ್ಸೋಲ್ ಒಂದೇ ಎಂದು ಲೆಕ್ಕ ಹಾಕುತ್ತದೆ. ಮಗು ನಡೆಸುತ್ತಿರಲಿ, ನೀವು ಇನ್ನೊಂದರಿಂದ ಕ್ಯಾಮೆರಾ ತಿರುಗಿಸಿಕೊಡಿ. ಅಂಗವೈಕಲ್ಯ ಇರುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ತಂದ ಈ ಸೌಲಭ್ಯ ಮಕ್ಕಳಿಗೂ ಹೇಳಿ ಮಾಡಿಸಿದಂತಿದೆ. ಬಳಸುವವರು ಮಾತ್ರ ತೀರಾ ಕಡಿಮೆ.

ಕೈ ಬೀಸಿ ಆಡುವ ಗೇಮ್ ಆದರೆ ಮಣಿಕಟ್ಟಿನ ಪಟ್ಟಿ ಹಾಕಿಸದೆ ಶುರುಮಾಡಲೇಬಾರದು. 2006ರಲ್ಲಿ ನಿಂಟೆಂಡೊದ ವೀ ಕನ್ಸೋಲ್ ಬಂದ ಹೊಸತರಲ್ಲಿ ರಿಮೋಟ್‌ಗಳು ಕೈಯಿಂದ ಹಾರಿ, ಪಟ್ಟಿ ಹರಿದು ಟಿ.ವಿ. ಒಡೆದ ದೂರುಗಳು ಬಂದು, ಕಂಪನಿ ಇನ್ನಷ್ಟು ಗಟ್ಟಿಯಾದ ಪಟ್ಟಿಗಳನ್ನು ಬದಲಿಸಿಕೊಟ್ಟಿತ್ತು. ಅಂದಹಾಗೆ, ಸ್ವಿಚ್‌ನ ಗೇಮ್ ಕಾರ್ಡ್‌ಗಳು ಬಾಯಿಗಿಟ್ಟರೆ ವಿಪರೀತ ಕಹಿ. ಮಕ್ಕಳು ನುಂಗದಿರಲೆಂದೇ ಡೆನಾಟೋನಿಯಂ ಬೆಂಜೊಯೇಟ್ ಎಂಬ ಕಹಿ ಪದಾರ್ಥ ಸವರಿರುತ್ತಾರೆ. ಮೆಮೊರಿ ಕಾರ್ಡ್‌ಗಳಿಗೆ ಅಂಥ ರಕ್ಷಣೆಯಿದೆ ಎಂದು ನೆಚ್ಚಿಕೊಳ್ಳಬೇಡಿ, ಕೈಗೆಟುಕದ ಕಡೆ ಇಡಿ.

ಇನ್ನು ಗೇಮ್ ಯಾವುದು? ತಾವು ಚಿಕ್ಕಂದಿನಲ್ಲಿ ಆಡಿದ್ದನ್ನೇ ಮಗುವಿಗೆ ಕೊಡಬೇಕೆಂಬ ಆಸೆ ಅನೇಕ ಅಪ್ಪಂದಿರಿಗೆ ಇರುತ್ತದೆ. ಹಳೆಯದು ಸರಳ, ಆದ್ದರಿಂದ ಸುಲಭ ಎಂಬ ಎಣಿಕೆ. ಎಣಿಕೆ ತಪ್ಪು. 1985ರ ಸೂಪರ್ ಮಾರಿಯೊ ಬ್ರದರ್ಸ್ ನೋಡಿ: ಮೂರು ಜೀವ, ಆಡಿದ್ದನ್ನು ಉಳಿಸಿಟ್ಟು ಆಮೇಲೆ ಮುಂದುವರಿಸುವ ಸೇವ್ ಇಲ್ಲ, ದಾಟಿ ಬಂದ ಜಾಗಕ್ಕೆ ಎಡಕ್ಕೆ ಮರಳುವಂತಿಲ್ಲ, ಮೇಲೆ ಗಡಿಯಾರ ಬೇರೆ ಇಳಿಯುತ್ತಿರುತ್ತದೆ. ಗಡಿಯಾರ ನೂರಕ್ಕಿಂತ ಕೆಳಗಿಳಿದರೆ ಸಂಗೀತ ಓಟಕ್ಕಿಳಿಯುತ್ತದೆ. ಆಗ ಮಗುವಿನ ಕೈಕಾಲೇ ಆಡುವುದಿಲ್ಲ. ಹೊಸಬರು ಮೊದಲ ಕೆಲವೇ ಸೆಕೆಂಡಿನಲ್ಲಿ, ಎದುರಿಗೆ ನಡೆದು ಬರುವ ಮೊದಲ ಅಣಬೆಯಾಕಾರದ ಶತ್ರುವಿಗೇ ಬಡಿದು ಸಾಯುತ್ತಾರೆ. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲದಲ್ಲಿ ಆಟಗಾರ ಬೇಗ ಸೋತರೇ ಮಾಲೀಕನಿಗೆ ಲಾಭವಿತ್ತು, ಆ ಗಡಸುತನ ಮನೆಯ ಗೇಮ್‌ಗಳಿಗೂ ಅಂಟಿಕೊಂಡಿತ್ತು. ಅಂಥವನ್ನು ಹತ್ತು ವರ್ಷಕ್ಕೆ ತೋರಿಸಿ, ಆಗ ಆ ಸವಾಲೇ ರುಚಿಸುತ್ತದೆ.

ಮೊದಲ ಗೇಮ್‌ನಲ್ಲಿ ಹುಡುಕಬೇಕಾದದ್ದು ಬೇರೆ. ಸೋತರೆ ಏನಾಗುತ್ತದೆ? ಲೆವೆಲ್ (ಆಟದ ಒಂದು ಹಂತ) ಮೊದಲಿನಿಂದ ಶುರುವಾಗುತ್ತದೋ, ಬಿದ್ದಲ್ಲೇ ಎಬ್ಬಿಸಿ ನಿಲ್ಲಿಸುತ್ತದೋ? ಓದು ಬಾರದ ಮಗು ಮುಂದೆ ಹೋಗಬಲ್ಲದೋ? ಎರಡನೆಯವರು ಆಟದ ನಡುವೆಯೇ ಸೇರಿ, ಬೇಕೆಂದಾಗ ಹೊರಬೀಳಬಹುದೋ? ಲೆಗೊ ಸರಣಿಯ ಗೇಮ್‌ಗಳು ಈ ಕಾರಣಕ್ಕೇ ಚೆನ್ನ. ಬೊಂಬೆ ಚೂರಾದರೂ ಅಲ್ಲೇ ಮತ್ತೆ ಹುಟ್ಟುತ್ತದೆ, ಒಂದಿಷ್ಟು ಬಿಲ್ಲೆಗಳು ಉದುರುತ್ತವೆ, ಅಷ್ಟೇ. 2023ರ ಸೂಪರ್ ಮಾರಿಯೊ ಬ್ರದರ್ಸ್ ವಂಡರ್‌ನಲ್ಲಿ ಯೋಶಿ ಅಥವಾ ನ್ಯಾಬಿಟ್ ಪಾತ್ರ ಆರಿಸಿದರೆ ಶತ್ರುಗಳು ತಾಕಿದರೂ ಏಟಾಗದು. ಹಳ್ಳಕ್ಕೆ ಬಿದ್ದರೆ ಮಾತ್ರ ಜೀವ ಹೋಗುತ್ತದೆ. ಯೋಶಿಯ ಬೆನ್ನೇರಿ ಇನ್ನೊಬ್ಬ ಆಟಗಾರ ಸವಾರಿ ಮಾಡಬಹುದು, ಹಾಗಾಗಿ ಕಷ್ಟದ ಜಾಗದಲ್ಲಿ ದೊಡ್ಡವರು ಯೋಶಿಯಾಗಿ ಮಗುವನ್ನು ಹೊತ್ತು ದಾಟಿಸಬಹುದು. 2017ರ ಸೂಪರ್ ಮಾರಿಯೊ ಒಡಿಸ್ಸಿಯಲ್ಲಿ ಅಸಿಸ್ಟ್ ಮೋಡ್ ಹಾಕಿದರೆ ಜೀವಶಕ್ತಿ ಮೂರರ ಬದಲು ಆರು, ದಾರಿ ತೋರುವ ಬಾಣಗಳು ಬೇರೆ. ಅದರಲ್ಲೇ ಇಬ್ಬರು ಆಡುವಾಗ ಎರಡನೆಯವರು ಮಾರಿಯೊನ ಟೋಪಿಯನ್ನು ಮಾತ್ರ ನಡೆಸಬಹುದು. ಟೋಪಿ ಸಾಯುವ ಭಯವಿಲ್ಲದ ಪಾತ್ರ, ಮಗುವಿಗೆ ಮೊದಲ ಕೆಲಸವಾಗಿ ಒಪ್ಪುತ್ತದೆ.

ಒಂದೇ ಗೇಮ್ ಆರಿಸಿ ಎಂದರೆ ಐದು ವರ್ಷದ ಮಗುವಿಗೆ ಸ್ವಿಚ್‌ನ ಗಾಡಿ ಓಟದ ಗೇಮ್ ಮಾರಿಯೊ ಕಾರ್ಟ್ 8 ಡಿಲಕ್ಸ್ ಎನ್ನಬಹುದು. ಗಾಡಿ ಆರಿಸುವ ಪರದೆಯಲ್ಲಿ ಪ್ಲಸ್ ಬಟನ್ ಒತ್ತಿದರೆ ಮೂರು ಆಯ್ಕೆಗಳು ಕಾಣುತ್ತವೆ. ಸ್ಮಾರ್ಟ್ ಸ್ಟಿಯರಿಂಗ್ ಗಾಡಿಯನ್ನು ರಸ್ತೆಯಿಂದಾಚೆ ಬೀಳಲು ಬಿಡುವುದಿಲ್ಲ, ಇದು ಚಾಲೂ ಇದ್ದಾಗ ಗಾಡಿಯ ಹಿಂದೆ ಸಣ್ಣ ಆಂಟೆನಾ ಕಾಣುತ್ತದೆ. ಆಟೊ ಆ್ಯಕ್ಸಿಲರೇಟ್ ತಾನೇ ವೇಗ ಕೊಡುತ್ತದೆ. ಮೂರನೆಯದು ಕಂಟ್ರೋಲರನ್ನು ವಾಲಿಸಿ ತಿರುಗಿಸುವುದು. ಮೊದಲೆರಡೂ ಇದ್ದರೆ ಮಗು ಏನೂ ಮಾಡದಿದ್ದರೂ ಗಾಡಿ ಗುರಿ ಮುಟ್ಟುತ್ತದೆ, ಹಾಗಾಗಿ ಅದು ಮಾಡುವುದೆಲ್ಲ ಲಾಭವೇ. ವೇಗ ಅತಿ ನಿಧಾನದ 50 ಸಿಸಿಯಲ್ಲಿರಲಿ. ಗಾಡಿ ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ವಾಲಿಸುವ ಆಯ್ಕೆ ಆನ್ ಆಗಿದ್ದು ಮಗು ಕಂಟ್ರೋಲರನ್ನು ಸೊಟ್ಟಗೆ ಹಿಡಿದಿದೆ ಎಂದರ್ಥ, ಆಫ್ ಮಾಡಿ. ಮೊದಲು ಬಿಡಿಸಬೇಕಾದ ಆಸರೆ ಆಟೊ ಆ್ಯಕ್ಸಿಲರೇಟ್. ಬಟನ್ ಒತ್ತಿ ಹಿಡಿದೇ ತಿರುಗಿಸುವುದು ರೂಢಿಯಾದ ಮೇಲೆ ಸ್ಮಾರ್ಟ್ ಸ್ಟಿಯರಿಂಗ್. ಅದು ಆನ್ ಇದ್ದಷ್ಟು ದಿನ ಕೆಲವು ಅಡ್ಡದಾರಿಗಳಿಗೆ ಗಾಡಿ ಹೋಗುವುದೇ ಇಲ್ಲ, ಮಗು ಅದನ್ನು ಗಮನಿಸಿ 'ನನ್ನದೇಕೆ ಅಲ್ಲಿ ಹೋಗಲ್ಲ' ಎಂದು ಕೇಳಿದ ದಿನವೇ ತೆಗೆಯಲು ಸರಿಯಾದ ದಿನ. ಎರಡನ್ನೂ ಒಟ್ಟಿಗೆ ತೆಗೆದರೆ ಗೆಲ್ಲುತ್ತಿದ್ದ ಮಗು ಏಕಾಏಕಿ ಹನ್ನೆರಡನೆಯ ಸ್ಥಾನಕ್ಕೆ ಬಿದ್ದು ಗೇಮನ್ನೇ ದೂರುತ್ತದೆ.

ಇಬ್ಬರು ಆಡಲು ಪರದೆ ಇಬ್ಭಾಗವಾದಾಗ ಇನ್ನೊಂದು ಪೇಚು. ಮಗು ಒಂದು ಅರ್ಧದಲ್ಲಿ ಆಡುತ್ತ ಇನ್ನೊಂದು ಅರ್ಧವನ್ನು ನೋಡುತ್ತಿರುತ್ತದೆ. ತಾನು ಎಡಕ್ಕೆ ಒತ್ತಿದರೆ ಗಾಡಿ ಬಲಕ್ಕೆ ಹೋಗುತ್ತಿದೆ ಎಂದು ದೂರುವುದು ಇದರಿಂದ. ಇಬ್ಬರ ಪಾತ್ರಗಳ ಬಣ್ಣ ಪೂರ್ತಿ ಬೇರೆ ಇರಲಿ. ಮಗುವಿನ ಅರ್ಧ ಯಾವುದೆಂದು ಟಿ.ವಿ. ಅಂಚಿಗೆ ಅದೇ ಬಣ್ಣದ ಕಾಗದದ ಚೂರು ಅಂಟಿಸಿ, ಮಗುವನ್ನು ಪ್ರತಿ ಸಲ ಅದೇ ಆಟಗಾರನ ಸಂಖ್ಯೆಯಲ್ಲಿ ಕೂರಿಸಿ. ಎರಡನೇ ವಾರದ ಹೊತ್ತಿಗೆ ಕಾಗದ ಬೇಕಾಗುವುದಿಲ್ಲ.

ಜೊತೆಗೆ ಕೂತವರು ಮಾಡುವ ದೊಡ್ಡ ತಪ್ಪು ಕಂಟ್ರೋಲರ್ ಕಿತ್ತುಕೊಳ್ಳುವುದು. ಮಗು ಒಂದೇ ಹಳ್ಳಕ್ಕೆ ಏಳು ಸಲ ಬೀಳುವುದನ್ನು ನೋಡುತ್ತ ಕೂರುವುದು ಕಷ್ಟ, ಒಪ್ಪಿಕೊಳ್ಳಬೇಕಾದ ಮಾತೇ. ಆದರೂ ಕೇಳುವ ತನಕ ಕೈ ಚಾಚಬೇಡಿ. ಕೇಳಿದಾಗಲೂ ಆ ಒಂದು ಹಳ್ಳ ದಾಟಿಸಿ ಅಲ್ಲೇ ವಾಪಸು ಕೊಡಿ. ಬಾಯಲ್ಲಿ ಹೇಳುವಾಗ 'ಹಾರು, ಹಾರು' ಎಂದು ಕೂಗಿದರೆ ಮಗು ನಿಮ್ಮ ದನಿ ಕೇಳಿದ ಮೇಲೆ ಒತ್ತುತ್ತದೆ, ಆಗಲೇ ತಡವಾಗಿರುತ್ತದೆ. 'ಅಂಚಿಗೆ ಬಂದು ನಿಲ್ಲು, ಆಮೇಲೆ ಹಾರು' ಎನ್ನಿ. ನಿಲ್ಲಬಹುದು ಎಂಬುದೇ ಅನೇಕ ಮಕ್ಕಳಿಗೆ ಹೊಳೆದಿರುವುದಿಲ್ಲ. ಚಿಕ್ಕ ತಮ್ಮನಿಗೋ ತಂಗಿಗೋ ಆನ್ ಮಾಡದ ಕಂಟ್ರೋಲರ್ ಕೊಟ್ಟು ನೀನೂ ಆಡುತ್ತಿದ್ದೀಯ ಎಂದು ನಂಬಿಸುವ ಉಪಾಯ ಎಲ್ಲೆಡೆ ಇದೆ. ಮೂರೂವರೆ ದಾಟಿದ ಮಗು ಅದನ್ನು ಹಿಡಿಯುತ್ತದೆ, ಹಿಡಿದ ದಿನ ರಚ್ಚೆ ಬೇರೆ. ಅದರ ಬದಲು ನಿಜವಾದ ಒಂದು ಸಣ್ಣ ಕೆಲಸ ಕೊಡಿ: ಯಾವ ಗಾಡಿ, ಯಾವ ದಾರಿ ಎಂದು ಆರಿಸುವುದು, ನಾಣ್ಯ ಎಣಿಸುವುದು.

ಚೌಕದ ಇಟ್ಟಿಗೆಗಳಿಂದ ಲೋಕ ಅಗೆದು ಕಟ್ಟುವ ಮೈನ್‌ಕ್ರಾಫ್ಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಆರೇಳು ವರ್ಷದ ಮಕ್ಕಳು ಹೆಸರು ಹಿಡಿದು ಕೇಳುವ ಗೇಮ್ ಅದು. ಅದು ಎರಡು ಸ್ಟಿಕ್‌ನ ಗೇಮ್, ಹಾಗಾಗಿ ಮೊದಲನೆಯದಾಗಬಾರದು. ಎರಡನೆಯದೋ ಮೂರನೆಯದೋ ಆಗಲಿ. ಹೊಸ ಲೋಕ ತೆರೆಯುವಾಗ, ಕಟ್ಟುವುದಕ್ಕೆಂದೇ ಇರುವ ಕ್ರಿಯೇಟಿವ್ ಮೋಡ್, ಡಿಫಿಕಲ್ಟಿ ಪೀಸ್‌ಫುಲ್ ಎಂದು ಆರಿಸಿ. ಪೀಸ್‌ಫುಲ್‌ನಲ್ಲಿ ರಾತ್ರಿ ದಾಳಿ ಮಾಡುವ ಪ್ರಾಣಿಗಳಿಲ್ಲ. ಸಪಾಟು ನೆಲ ಕಟ್ಟಲು ಅನುಕೂಲ ಎಂದು ಫ್ಲಾಟ್ ಲೋಕ ಆರಿಸುವವರಿದ್ದಾರೆ, ಬೇಡ. ಅದರ ನೆಲ ಒಟ್ಟು ನಾಲ್ಕೇ ಪದರ. ಕ್ರಿಯೇಟಿವ್‌ನಲ್ಲಿ ತಳದ ಕಲ್ಲೂ ಒಂದೇ ಏಟಿಗೆ ಒಡೆಯುತ್ತದೆ. ಕಾಲಡಿಯೇ ಅಗೆಯುವುದು ಮಕ್ಕಳ ಸ್ವಭಾವ. ಕ್ಷಣದಲ್ಲಿ ತಳ ತೂತಾಗಿ ಕತ್ತಲ ಶೂನ್ಯಕ್ಕೆ ಬಿದ್ದು ಸಾಯುತ್ತಾರೆ. ಮಾಮೂಲಿ ಲೋಕದಲ್ಲಿ ಅಗೆದು ಸಿಕ್ಕಿಬಿದ್ದರೂ ಹಾರುವ ವಿದ್ಯೆಯಿಂದ ಮೇಲೆ ಬರಬಹುದು.

ಆ ಹಾರುವ ವಿದ್ಯೆಯೂ ಒಂದು ಫಜೀತಿ. ನೆಗೆಯುವ ಬಟನ್ನನ್ನು ಬೇಗಬೇಗ ಎರಡು ಸಲ ಒತ್ತಿದರೆ ತೇಲಾಟ ಶುರು, ಮತ್ತೆ ಎರಡು ಸಲ ಒತ್ತಿದರೆ ನೆಲಕ್ಕೆ. ಮಗು ಖುಷಿಗೆ ಕುಣಿಯುತ್ತ ಒತ್ತಿ ತೇಲಿಹೋಗುತ್ತದೆ, ಇಳಿಯುವುದು ಗೊತ್ತಾಗದೆ ದೂರ ಸಾಗಿ ತನ್ನ ಮನೆ ಕಳೆದುಕೊಳ್ಳುತ್ತದೆ. ಈ ಗೇಮ್‌ನಲ್ಲಿ ಅಳು ಬರುವುದು ಹೆಚ್ಚಾಗಿ ಸೋಲಿನಿಂದಲ್ಲ, ಮನೆ ಸಿಗದಿರುವುದರಿಂದ. ಲೋಕ ತೆರೆಯುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಶೋ ಕೋಆರ್ಡಿನೇಟ್ಸ್ ಆನ್ ಮಾಡಿ, ಮನೆ ಕಟ್ಟಿದ ಜಾಗದ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸಂಖ್ಯೆ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ನೋಡಿ ದಾರಿ ಹಿಡಿಯುವುದನ್ನು ಏಳು ವರ್ಷದ ಮಗು ಬೇಗ ಕಲಿಯುತ್ತದೆ. ಇಬ್ಬರು ಮಕ್ಕಳು ಒಂದೇ ಲೋಕದಲ್ಲಿದ್ದರೆ ಒಬ್ಬರ ಮನೆಯನ್ನು ಇನ್ನೊಬ್ಬರು ಕೆಡವುವುದು ಖಚಿತ. ಬಹುಪಾಲು ಅದು ಹಗೆಯಿಂದಲ್ಲ. ಏಟು ಬೀಳುವ ಬಟನ್ ಮೇಲೆ ಬೆರಳು ಊರಿರುತ್ತದೆ, ಕ್ರಿಯೇಟಿವ್‌ನಲ್ಲಿ ಮುಟ್ಟಿದ್ದೆಲ್ಲ ಮಾಯ. ನಡುವೆ ನದಿಯಿರುವ ಜಾಗ ಹುಡುಕಿ ಆಚೆ ದಡ ಒಬ್ಬರಿಗೆ, ಈಚೆ ದಡ ಒಬ್ಬರಿಗೆ ಎಂದು ಹಂಚಿ.

ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟದ ಭಾಗ. ಇಲ್ಲಿ ಜಗಳಕ್ಕೆ ಕಾರಣ ಗಡಿಯಾರ. 'ಇಪ್ಪತ್ತು ನಿಮಿಷ' ಎನ್ನುವುದು ಐದು ವರ್ಷದ ಮಗುವಿಗೆ ಅರ್ಥವಿಲ್ಲದ ಮಾತು, ಆ ಇಪ್ಪತ್ತನೆಯ ನಿಮಿಷ ಬರುವುದೂ ಓಟದ ಕೊನೆಯ ತಿರುವಿನಲ್ಲೇ. ಗೇಮ್‌ನದೇ ಅಳತೆಯನ್ನು ಬಳಸಿ. ಮಾರಿಯೊ ಕಾರ್ಟ್‌ನಲ್ಲಿ ಒಂದು ಕಪ್ ಎಂದರೆ ನಾಲ್ಕು ಓಟ, ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿದು ಕೊನೆಗೆ ಬಹುಮಾನದ ಮೆರವಣಿಗೆಯೂ ಇರುತ್ತದೆ. 'ಇವತ್ತು ಒಂದು ಕಪ್' ಎಂದರೆ ಕೊನೆ ಎಲ್ಲಿದೆ ಎಂದು ಮಗುವಿಗೇ ಗೊತ್ತು. ಲೆವೆಲ್ ಇರುವ ಗೇಮ್‌ಗಳಲ್ಲಿ ಎರಡು ಲೆವೆಲ್ ಎನ್ನಿ. ಮೈನ್‌ಕ್ರಾಫ್ಟ್‌ಗೆ ಕೊನೆಯೆಂಬುದೇ ಇಲ್ಲ, ಹಾಗಾಗಿ ಶುರುಮಾಡುವಾಗಲೇ 'ಇವತ್ತು ಚಾವಣಿ' ಎಂದು ಕೆಲಸ ನಿಗದಿ ಮಾಡಿಕೊಳ್ಳಬೇಕು. ಮುಗಿಯಲು ಎರಡು ನಿಮಿಷ ಇರುವಾಗ ಅಡುಗೆಮನೆಯಿಂದ ಕೂಗಬೇಡಿ, ಬಂದು ಪಕ್ಕದಲ್ಲಿ ಕೂತು ಏನು ನಡೆದಿದೆ ಎಂದು ಕೇಳಿ. ಆಫ್ ಮಾಡುವ ಬಟನ್ನನ್ನು ಮಗುವೇ ಒತ್ತಲಿ.

ಕನ್ಸೋಲ್‌ಗಳ ಪೇರೆಂಟಲ್ ಕಂಟ್ರೋಲ್ ಇದರಲ್ಲಿ ನೆರವಾಗುತ್ತದೆ, ಆದರೆ ಅದು ಬೇಲಿ ಮಾತ್ರ. ನಿಂಟೆಂಡೊ ಮತ್ತು ಎಕ್ಸ್‌ಬಾಕ್ಸ್‌ಗೆ ಫೋನಿನಿಂದಲೇ ನಿಯಂತ್ರಿಸುವ ಆ್ಯಪ್ ಇದೆ. ಪ್ಲೇಸ್ಟೇಷನ್‌ನಲ್ಲಿ ಫ್ಯಾಮಿಲಿ ಮ್ಯಾನೇಜ್‌ಮೆಂಟ್ ಇದೆ. ಸ್ವಿಚ್‌ನಲ್ಲಿ ದಿನದ ಮಿತಿ ಮುಗಿದಾಗ ಬರೀ ಎಚ್ಚರಿಕೆ ತೋರಿಸಬೇಕೋ, ಗೇಮನ್ನೇ ತಡೆದು ನಿಲ್ಲಿಸಬೇಕೋ ಎಂದು ಆರಿಸಬಹುದು. ಚಿಕ್ಕ ಮಕ್ಕಳಿಗೆ ಎಚ್ಚರಿಕೆ ಮಾತ್ರ ಇರಲಿ. ಓಟದ ನಡುವೆ ಯಂತ್ರವೇ ಕತ್ತರಿಸಿದರೆ ಮಗುವಿಗೆ ಅನ್ಯಾಯವೆನಿಸುತ್ತದೆ, ಅದರ ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಪ್ರತಿ ಮಗುವಿಗೂ ಬೇರೆ ಪ್ರೊಫೈಲ್ ಮಾಡಿ. ತಂಗಿ ಹೊಸ ಆಟ ಎಂದು ಒತ್ತಿ ಅಣ್ಣನ ಸೇವ್ ಅಳಿಸಿಹಾಕುವುದು ಎಲ್ಲ ಮನೆಗಳಲ್ಲೂ ಆಗುವಂಥದ್ದು. ಕ್ಲೌಡ್‌ಗೋ ಬೇರೆ ಕಡೆಗೋ ಬ್ಯಾಕಪ್ ಇಲ್ಲದಿದ್ದರೆ ಅಳಿಸಿದ್ದು ಹೋದಂತೆಯೇ. ಮಕ್ಕಳ ಪ್ರೊಫೈಲ್‌ಗೆ ಬ್ಯಾಂಕ್ ಕಾರ್ಡ್ ಜೋಡಿಸಬೇಡಿ. ಅಪರಿಚಿತರ ಜೊತೆ ಮಾತಾಡುವ ಚಾಟ್ ಪೂರ್ತಿ ಬಂದ್. ಆನ್‌ಲೈನ್ ಆಟ ಈ ವಯಸ್ಸಿಗೆ ಬೇಕೇ ಇಲ್ಲ, ಅದರ ಮಾತು ಇಲ್ಲಿಗೆ ಸಾಕು.

ಭಯದ ವಿಷಯದಲ್ಲಿ ಒಂದು ಸೂಚನೆ. ಮಕ್ಕಳು ಹೆದರುವುದು ರಾಕ್ಷಸನ ಚಿತ್ರಕ್ಕಿಂತ ಹೆಚ್ಚಾಗಿ ಸಂಗೀತಕ್ಕೆ ಮತ್ತು ಅವಸರಕ್ಕೆ. ಸೆಟ್ಟಿಂಗ್ಸ್‌ನಲ್ಲಿ ಸಂಗೀತದ ಸದ್ದನ್ನು ಬೇರೆಯಾಗಿ ಇಳಿಸುವ ಸೌಲಭ್ಯ ಅನೇಕ ಗೇಮ್‌ಗಳಲ್ಲಿದೆ. ಕೋಣೆಯ ದೀಪ ಉರಿಯುತ್ತಿರಲಿ. ಮಿನುಗುವ ಬೆಳಕಿಗೆ ಅಪಸ್ಮಾರ ಕೆರಳುವ ಕೆಲವೇ ಮಕ್ಕಳಿಗೂ ಕತ್ತಲ ಕೋಣೆಯೇ ಹೆಚ್ಚು ಅಪಾಯ. ಮಗು ಆಡುವಾಗ ರೆಪ್ಪೆ ಅದುರಿಸಿದರೆ, ಕ್ಷಣಕಾಲ ಶೂನ್ಯ ನೋಟ ಬೀರಿದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ತಲೆಗೆ ಕಟ್ಟಿ ಕಣ್ಣಿನ ಸುತ್ತ ಬೇರೆಯೇ ಲೋಕ ತೋರಿಸುವ ವಿ.ಆರ್. ಕನ್ನಡಕ ಬೇಡವೇ ಬೇಡ. ಸೋನಿ ತನ್ನ ವಿ.ಆರ್. 12 ವರ್ಷ ತುಂಬದವರಿಗಲ್ಲ ಎಂದೇ ಹೇಳುತ್ತದೆ. ಮೆಟಾ ಕಂಪನಿ 2023ರಲ್ಲಿ ತನ್ನ ಕನ್ನಡಕಕ್ಕೆ ಕನಿಷ್ಠ ವಯಸ್ಸನ್ನು 13ರಿಂದ 10ಕ್ಕೆ ಇಳಿಸಿತು, ಅದೂ ಪೋಷಕರ ನಿಯಂತ್ರಣದ ಖಾತೆಯಲ್ಲಿ.

ಕೊನೆಗೆ ತಮ್ಮಲ್ಲೊಂದು ಕೋರಿಕೆ. ಮಕ್ಕಳಿಗೆ ಉಡುಗೊರೆ ಕೊಡಬಹುದಾದ ಗೇಮ್‌ಗಳ ಪಟ್ಟಿಯನ್ನು ಪತ್ರಿಕೆಗಳು ಪ್ರಕಟಿಸುವಾಗ ಪೆಟ್ಟಿಗೆಯ ಮೇಲಿನ ವಯಸ್ಸಿನ ಸಂಖ್ಯೆಯನ್ನಷ್ಟೇ ಬರೆಯುತ್ತವೆ. ಆ ಸಂಖ್ಯೆ ಕೊಡುವ ಯುರೋಪಿನ ಪೆಗಿ ಆಗಲಿ, ಅಮೆರಿಕದ ಇಎಸ್‌ಆರ್‌ಬಿ ಆಗಲಿ ಅಳೆಯುವುದು ಹಿಂಸೆ, ಭಯ, ಕೆಟ್ಟ ಮಾತು, ಜೂಜು ಇಂಥವನ್ನು. ಆ ವಯಸ್ಸಿನ ಮಗು ಅದನ್ನು ಆಡಬಲ್ಲದೋ ಇಲ್ಲವೋ ಎಂಬುದನ್ನಲ್ಲ. ಫಿಫಾ 22 ಫುಟ್‌ಬಾಲ್ ಗೇಮ್‌ಗೆ ಪೆಗಿ ಕೊಟ್ಟದ್ದು 3. ಮೂರು ವರ್ಷದ ಮಗು ಅಷ್ಟೊಂದು ಬಟನ್‌ಗಳ ಆ ಗೇಮ್ ಆಡುವುದುಂಟೇ? ಒಳಗೆ ಏನು ಸಿಗುತ್ತದೆಂದು ತಿಳಿಯದೆ ದುಡ್ಡು ಕೊಟ್ಟು ಬಿಚ್ಚುವ ಆಟಗಾರರ ಪೊಟ್ಟಣಗಳೂ ಅದರಲ್ಲಿದ್ದವು. ಆದ್ದರಿಂದ ವಯಸ್ಸಿನ ಸಂಖ್ಯೆಯ ಜೊತೆಗೆ ಇನ್ನು ನಾಲ್ಕು ಮಾಹಿತಿ ಸೇರಿಸಿ: ಓದು ಬೇಕೋ ಬೇಡವೋ, ಎಷ್ಟು ಸ್ಟಿಕ್ ಎಷ್ಟು ಬಟನ್, ಇಬ್ಬರು ಒಂದೇ ಪರದೆಯಲ್ಲಿ ಆಡಬಹುದೋ, ಕೊಂಡ ಮೇಲೆ ಮತ್ತೆ ಹಣ ಕೇಳುತ್ತದೋ. ಪ್ರತಿ ಗೇಮ್‌ಗೆ ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೇ.

ಇಂತಿ,
ತಮ್ಮ ಪತ್ರಿಕೆಯ ಓದುಗ